ಜಲ ಯೋಜನೆಗಳಲ್ಲಿ ಕಾಣೆಯಾದ ಮಳೆ ಮತ್ತು ಹರಿವಿನ ದತ್ತಾಂಶ: ತುಂಬುವ ಕ್ರಮ, ತಪ್ಪುಗಳು, ಎಚ್ಚರಿಕೆಯ ಸೂಚನೆಗಳು

ಮೂವತ್ತು ವರ್ಷಗಳ ಮಳೆ ದಾಖಲೆ ಕೈಗೆ ಬರುತ್ತದೆ. ಅದರಲ್ಲಿ ಅಲ್ಲಲ್ಲಿ ಖಾಲಿ ಕೋಶಗಳಿರುತ್ತವೆ. ಜಲಾಶಯದ ಸಾಮರ್ಥ್ಯವನ್ನೋ ಸೇತುವೆಯ ಎತ್ತರವನ್ನೋ ಲೆಕ್ಕ ಹಾಕಬೇಕಾದವರು ಆ ಕೋಶಗಳಿಗೆ ತಿಂಗಳ ಸರಾಸರಿಯನ್ನು ತುಂಬಿ ಮುಂದೆ ಹೋಗುತ್ತಾರೆ. ಲೆಕ್ಕ ಸರಾಗವಾಗಿ ಮುಗಿಯುತ್ತದೆ, ನಕ್ಷೆಗಳು ಚೆನ್ನಾಗಿ ಮೂಡುತ್ತವೆ, ತಪ್ಪು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಕೆಲಸದಲ್ಲಿ ಮತ್ತೆ ಮತ್ತೆ ಸೋಲುವವರಿಗೆ ಸೂತ್ರ ಗೊತ್ತಿರುವುದಿಲ್ಲ ಎಂದೇನಿಲ್ಲ. ದತ್ತಾಂಶ ಏಕೆ ಕಾಣೆಯಾಯಿತು ಎಂಬುದನ್ನು ವಿಚಾರಿಸದೆ ತುಂಬಲು ಕೂರುವುದೇ ಅವರ ಸೋಲಿಗೆ ಕಾರಣ. ಆದ್ದರಿಂದ ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲಿಯೇ ಅನುಸರಿಸಬೇಕು. ಮೊದಲ ನಾಲ್ಕು ಹಂತ ಮುಗಿಯುವವರೆಗೆ ಒಂದು ಖಾಲಿ ಕೋಶವನ್ನೂ ತುಂಬಬಾರದು.

ಕೆಲಸಕ್ಕೆ ಮೊದಲು ಕೈಯಲ್ಲಿರಬೇಕಾದವು

ಗಣಕಕ್ಕೆ ಏರಿಸಿದ ಕಡತದ ಜೊತೆಗೆ ಮೂಲ ದಾಖಲೆ ಪುಸ್ತಕದ ಪುಟಗಳು, ಕನಿಷ್ಠ ಅವುಗಳ ಚಿತ್ರಗಳಾದರೂ ಬೇಕು. ಮಾಪನ ಕೇಂದ್ರ ಯಾವಾಗ ಆರಂಭವಾಯಿತು, ಎಂದಾದರೂ ಸ್ಥಳ ಬದಲಾಯಿತೇ, ಉಪಕರಣ ಬದಲಾಯಿತೇ ಎಂಬ ವಿವರ ಬೇಕು. ಸುತ್ತಲಿನ ಕೇಂದ್ರಗಳ ಅದೇ ಅವಧಿಯ ದಾಖಲೆ, ಅವುಗಳ ದೂರ ಮತ್ತು ಎತ್ತರ, ಜಲಾನಯನ ಪ್ರದೇಶದ, ಅಂದರೆ ಬಿದ್ದ ಮಳೆ ಹರಿದು ನದಿಗೆ ಸೇರುವ ನೆಲದ, ನಕ್ಷೆ ಬೇಕು. ನಾಲ್ಕೈದು ಕೇಂದ್ರಗಳಾದರೆ ಸಾಮಾನ್ಯ ಸ್ಪ್ರೆಡ್‌ಶೀಟ್ ಸಾಕು. ಹತ್ತಾರು ಕೇಂದ್ರಗಳ ದೈನಂದಿನ ದಾಖಲೆಯಾದರೆ ಆರ್ ಅಥವಾ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮಾಡುವುದು ಲೇಸು, ಏಕೆಂದರೆ ಮಾಡಿದ ಪ್ರತಿಯೊಂದು ಬದಲಾವಣೆಯೂ ಅಲ್ಲಿ ಬರಹವಾಗಿ ಉಳಿಯುತ್ತದೆ.

ಹಂತ 1: ಕಚ್ಚಾ ಕಡತವನ್ನು ಮುಟ್ಟದಂತೆ ತೆಗೆದಿಡಿ

ಬಂದ ಕಡತದ ಒಂದು ಪ್ರತಿಯನ್ನು ಯಾರೂ ತಿದ್ದಲಾಗದಂತೆ ಇಟ್ಟು, ಕೆಲಸವನ್ನು ಇನ್ನೊಂದು ಪ್ರತಿಯಲ್ಲಿ ಮಾಡಿ. ಕೆಲಸದ ಪ್ರತಿಯಲ್ಲಿ ಪ್ರತಿ ಕೇಂದ್ರಕ್ಕೂ ಮೂರು ಕಾಲಂ ಇರಲಿ: ಅಳೆದ ಬೆಲೆ, ಬಳಸುವ ಬೆಲೆ, ಗುರುತು. ಅಳೆದದ್ದೋ, ತಿದ್ದಿದ್ದೋ, ತುಂಬಿದ್ದೋ, ತುಂಬಿದ್ದಾದರೆ ಯಾವ ವಿಧಾನದಿಂದ ಎಂಬುದು ಗುರುತಿನ ಕಾಲಂನಲ್ಲಿ ಬರುತ್ತದೆ. ಇದನ್ನು ಕೊನೆಯಲ್ಲಿ ಮಾಡೋಣ ಎಂದುಕೊಂಡವರು ಅದನ್ನು ಎಂದೂ ಮಾಡುವುದಿಲ್ಲ.

ಹಂತ 2: ಸೊನ್ನೆ ಯಾವುದು, ಖಾಲಿ ಯಾವುದು ಎಂದು ಬೇರ್ಪಡಿಸಿ

ಮಳೆಯಾಗದ ದಿನ ಬೇರೆ, ಮಳೆ ಅಳೆಯದ ದಿನ ಬೇರೆ. ದಾಖಲೆಗಳಲ್ಲಿ ಮಾತ್ರ ಇವೆರಡೂ ಒಂದೇ ಬಗೆಯಲ್ಲಿ ಕಾಣಬಹುದು. ಒಬ್ಬರು ಮಳೆಯಿಲ್ಲದ ದಿನಕ್ಕೆ ಅಡ್ಡಗೆರೆ ಎಳೆಯುತ್ತಾರೆ, ಇನ್ನೊಬ್ಬರು ಜಾಗವನ್ನು ಹಾಗೆಯೇ ಬಿಡುತ್ತಾರೆ, ಗಣಕಕ್ಕೆ ಏರಿಸಿದವರು ಎರಡನ್ನೂ ಸೊನ್ನೆ ಎಂದು ಬರೆಯುತ್ತಾರೆ. ಇದಲ್ಲದೆ ಅಳತೆ ಇಲ್ಲವೆಂದು ಸೂಚಿಸುವ ಸಂಕೇತ ಸಂಖ್ಯೆಗಳಿವೆ. ಋಣ 999 ಇದ್ದರೆ ತಿಂಗಳ ಮೊತ್ತ ಋಣವಾಗಿ ತಕ್ಷಣ ಸಿಕ್ಕಿಬೀಳುತ್ತದೆ, 99.9 ಇದ್ದರೆ ಅದು ಒಳ್ಳೆಯ ಮಳೆಯ ದಿನದಂತೆಯೇ ತೋರಿ ಲೆಕ್ಕದೊಳಗೆ ಸೇರಿಕೊಂಡುಬಿಡುತ್ತದೆ. ಆದ್ದರಿಂದ ಪ್ರತಿ ಕಾಲಂನಲ್ಲಿ ಅತಿ ಹೆಚ್ಚು ಬಾರಿ ಬಂದಿರುವ ಹತ್ತು ಸಂಖ್ಯೆಗಳನ್ನು ಪಟ್ಟಿ ಮಾಡಿ ನೋಡಿ. ಮಳೆಯ ದಾಖಲೆಯಲ್ಲಿ 99.9 ನಲವತ್ತು ಬಾರಿ ಬಂದಿದ್ದರೆ ಅದು ಮಳೆಯಲ್ಲ.

ಕೂಡಿಸಿ ಬರೆದ ಮಳೆಯನ್ನೂ ಇಲ್ಲಿಯೇ ಹಿಡಿಯಬೇಕು. ರಜೆಯ ದಿನ ಯಾರೂ ಅಳೆಯದಿದ್ದರೆ ನೀರು ಮಾಪಕದಲ್ಲೇ ಉಳಿದು, ಮರುದಿನದ ಲೆಕ್ಕಕ್ಕೆ ಎರಡು ದಿನಗಳ ಮೊತ್ತ ಸೇರುತ್ತದೆ. ಹಿಂದೊಮ್ಮೆ ನನ್ನ ಮುಂದೆ ಬಂದ ಒಂದು ದಾಖಲೆಯಲ್ಲಿ ಮಳೆಗಾಲದ ಭಾನುವಾರಗಳೆಲ್ಲ ಒಣಗಿದ್ದವು, ಸೋಮವಾರಗಳೆಲ್ಲ ತೊಯ್ದಿದ್ದವು. ಆಕಾಶಕ್ಕೆ ವಾರದ ರಜೆ ಇರುವುದಿಲ್ಲವಷ್ಟೆ. ವಾರದ ಏಳು ದಿನಗಳಿಗೆ ಬೇರೆ ಬೇರೆಯಾಗಿ ಮಳೆದಿನಗಳ ಸಂಖ್ಯೆಯನ್ನು ಎಣಿಸಿದರೆ ಈ ದೋಷ ಎರಡು ನಿಮಿಷದಲ್ಲಿ ಹೊರಬರುತ್ತದೆ. ಇಂಥ ಜೋಡಿದಿನಗಳ ಮೊತ್ತ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಮೊತ್ತವನ್ನು ಉಳಿಸಿಕೊಂಡು, ನೆರೆಯ ಕೇಂದ್ರಗಳಲ್ಲಿ ಆ ಎರಡು ದಿನ ಬಿದ್ದ ಮಳೆಯ ಪ್ರಮಾಣದಲ್ಲಿ ಹಂಚಿ. ಭಾನುವಾರವನ್ನು ಮಾತ್ರ ಖಾಲಿ ಎಂದು ತುಂಬಿ ಸೋಮವಾರವನ್ನು ಹಾಗೇ ಬಿಟ್ಟರೆ ಅದೇ ಮಳೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ದಿನಾಂಕದ ವಿಷಯದಲ್ಲೂ ಎಚ್ಚರ ಬೇಕು. ಬೆಳಿಗ್ಗೆ ಅಳೆದ ಇಪ್ಪತ್ನಾಲ್ಕು ಗಂಟೆಗಳ ಮಳೆಯನ್ನು ಕೆಲವು ಕಡೆ ಅಳೆದ ದಿನಕ್ಕೆ, ಕೆಲವು ಕಡೆ ಹಿಂದಿನ ದಿನಕ್ಕೆ ಬರೆಯುತ್ತಾರೆ. ಹತ್ತಿರದ ಎರಡು ಕೇಂದ್ರಗಳ ದೈನಂದಿನ ಸಹಸಂಬಂಧ (ಎರಡರ ಮಳೆ ಎಷ್ಟರಮಟ್ಟಿಗೆ ಒಟ್ಟಿಗೆ ಏರಿಳಿಯುತ್ತದೆ ಎಂಬ ಅಳತೆ) ವಿಚಿತ್ರವಾಗಿ ಕಡಿಮೆಯಿದ್ದರೆ, ಒಂದನ್ನು ಒಂದು ದಿನ ಸರಿಸಿ ಮತ್ತೆ ಲೆಕ್ಕಹಾಕಿ. ಸರಿಸಿದ ಕೂಡಲೇ ಸಂಬಂಧ ಗಟ್ಟಿಯಾದರೆ ವ್ಯತ್ಯಾಸವಿರುವುದು ಮಳೆಯಲ್ಲಲ್ಲ, ಬರೆಯುವ ಪದ್ಧತಿಯಲ್ಲಿ.

ಈ ಹಂತದ ಕೊನೆಯಲ್ಲಿ ವರ್ಷಗಳು ಸಾಲಿನಲ್ಲಿ, ತಿಂಗಳುಗಳು ಕಾಲಂನಲ್ಲಿ ಬರುವಂತೆ ಒಂದು ಕೋಷ್ಟಕ ಮಾಡಿ, ಪ್ರತಿ ಚೌಕದಲ್ಲಿ ಕಾಣೆಯಾದ ದಿನಗಳ ಸಂಖ್ಯೆಯನ್ನು ಬರೆಯಿರಿ. ಉಷ್ಣಾಂಶದಂಥ ಸರಾಸರಿಗಳಿಗೆ ತಿಂಗಳಲ್ಲಿ 11 ಅಥವಾ ಹೆಚ್ಚು ದಿನ, ಇಲ್ಲವೇ ಸತತ 5 ದಿನ ಅಳತೆ ತಪ್ಪಿದರೆ ಆ ತಿಂಗಳನ್ನು ಕೈಬಿಡಬೇಕೆಂದು ವಿಶ್ವ ಹವಾಮಾನ ಸಂಸ್ಥೆ ಸೂಚಿಸುತ್ತದೆ. ಮಳೆ ಮೊತ್ತದ ಲೆಕ್ಕವಾದ್ದರಿಂದ ನಿಯಮ ಇನ್ನೂ ಬಿಗಿ: ಒಂದೇ ದಿನ ತಪ್ಪಿದ್ದರೂ, ಆ ದಿನದ ನೀರು ಮುಂದಿನ ಅಳತೆಯಲ್ಲಿ ಸೇರಿರದಿದ್ದರೆ, ತಿಂಗಳ ಮೊತ್ತ ಪೂರ್ಣವಲ್ಲ.

ಹಂತ 3: ಪ್ರತಿ ಖಾಲಿ ಅವಧಿಗೂ ಕಾರಣ ಬರೆಯಿರಿ

ಹೆಚ್ಚಿನವರು ಹಾರಿಸಿಬಿಡುವ ಹಂತ ಇದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದೂ ಇದೇ.

ಅಳೆಯುವವರು ವರ್ಗವಾಗಿ ಎರಡು ತಿಂಗಳು ಬೇರೊಬ್ಬರು ಬರಲಿಲ್ಲ ಎಂದಾದರೆ ಆ ಖಾಲಿಗೂ ಮಳೆಗೂ ಸಂಬಂಧವಿಲ್ಲ. ನೆರೆಯ ಕೇಂದ್ರಗಳಿಂದ ಅದನ್ನು ಧೈರ್ಯವಾಗಿ ತುಂಬಬಹುದು. ಪ್ರವಾಹದಲ್ಲಿ ನದಿಯ ನೀರಿನ ಎತ್ತರ ಓದುವ ಮಟ್ಟಸೂಚಿ ಹಲಗೆಯೇ ಕೊಚ್ಚಿಹೋಗಿದ್ದರೆ ಸಂಗತಿ ಪೂರ್ತಿ ಬೇರೆ. ಆಗ ನದಿ ತುಂಬಿ ಹರಿದದ್ದರಿಂದಲೇ ದತ್ತಾಂಶ ಕಾಣೆಯಾಗಿದೆ. ಅಂಥ ಜಾಗಕ್ಕೆ ಆ ತಿಂಗಳ ಸರಾಸರಿ ಹರಿವನ್ನು ಹಾಕುವುದೆಂದರೆ, ದಾಖಲೆಯ ಅತಿ ದೊಡ್ಡ ಪ್ರವಾಹವನ್ನು ಅಳಿಸಿ ಅಲ್ಲಿ ಒಂದು ಸಾಧಾರಣ ದಿನವನ್ನು ಬರೆದಂತೆ. ಬೇಸಿಗೆಯಲ್ಲಿ ನೀರು ಹಲಗೆಯ ಕೆಳತುದಿಗಿಂತ ಕೆಳಗಿಳಿದು ಅಳತೆ ನಿಂತಿದ್ದರೆ ತಪ್ಪು ತಿರುವುಮುರುವಾಗುತ್ತದೆ. ಸರಾಸರಿ ತುಂಬಿದರೆ ಇಲ್ಲದ ನೀರು ಲೆಕ್ಕಕ್ಕೆ ಬರುತ್ತದೆ.

ಸ್ವಯಂಚಾಲಿತ ಉಪಕರಣಗಳ ವಿಚಾರದಲ್ಲಿ, ಸಂಖ್ಯೆ ಇದ್ದೂ ಅಳತೆ ಇಲ್ಲದ ಅವಧಿಗಳನ್ನೂ ಖಾಲಿ ಎಂದೇ ಗುರುತಿಸಬೇಕು. ಓಲಾಡುವ ಬಕೆಟ್ ಇರುವ ಮಳೆಮಾಪಕದ ಕೊಳವೆಗೆ ಎಲೆ ಸಿಕ್ಕಿಕೊಂಡರೆ, ಒಂದು ಗಂಟೆ ಸುರಿದ ಜೋರು ಮಳೆ ದಿನವಿಡೀ ಹನಿಹನಿಯಾಗಿ ಸೋರಿ, 0.2 ಮಿ.ಮೀ. ಒಂದೊಂದಾಗಿ ಸಮಾನ ಅಂತರದಲ್ಲಿ ದಾಖಲಾಗುತ್ತದೆ. ನಿಜವಾದ ಮಳೆ ಹಾಗೆ ಗಡಿಯಾರ ನೋಡಿಕೊಂಡು ಬೀಳುವುದಿಲ್ಲ. ನೀರಿನ ಮಟ್ಟದ ಸೆನ್ಸರ್ ಹೂಳಿನಲ್ಲಿ ಹೂತರೆ ದಿನಗಟ್ಟಲೆ ಒಂದೇ ಸಂಖ್ಯೆ ಬರುತ್ತದೆ. ಒತ್ತಡ ಅಳೆಯುವ ಸೆನ್ಸರ್‌ನಲ್ಲಿ ವಾಯುಭಾರದ ತಿದ್ದುಪಡಿ ಬಿಟ್ಟುಹೋಗಿದ್ದರೆ, 1 ಹೆಕ್ಟೊಪಾಸ್ಕಲ್ ವ್ಯತ್ಯಾಸ ಸುಮಾರು 1 ಸೆಂ.ಮೀ. ನೀರಿನ ಏರಿಳಿತವಾಗಿ ತೋರುತ್ತದೆ.

ಕಾರಣ ತಿಳಿಯದಿದ್ದರೆ ಹಾಗೆಂದೇ ಬರೆಯಿರಿ. ನಂತರ ಆ ಖಾಲಿ ಅವಧಿ ಆರಂಭವಾಗುವ ಹಿಂದಿನ ಎರಡು ದಿನ ನೆರೆಯ ಕೇಂದ್ರಗಳಲ್ಲಿ ಏನಾಗಿತ್ತು ನೋಡಿ. ಖಾಲಿಗಳು ಮತ್ತೆ ಮತ್ತೆ ಭಾರೀ ಮಳೆಯ ಬೆನ್ನಿಗೇ ಶುರುವಾಗುತ್ತಿದ್ದರೆ, ಕಾರಣವನ್ನು ಯಾರೂ ಬರೆದಿಡದಿದ್ದರೂ ಊಹಿಸುವುದು ಕಷ್ಟವಲ್ಲ.

ಹಂತ 4: ಉಳಿದ ದತ್ತಾಂಶ ನಂಬಲು ಯೋಗ್ಯವೇ ಪರೀಕ್ಷಿಸಿ

ಖಾಲಿಯನ್ನು ತುಂಬುವುದು ಇರುವ ಅಳತೆಗಳ ಆಧಾರದ ಮೇಲೆ. ಅವೇ ಓರೆಯಾಗಿದ್ದರೆ, ಅಂದರೆ ಸದಾ ಒಂದೇ ಕಡೆಗೆ ತಪ್ಪಿದ್ದರೆ, ತುಂಬಿದ್ದೂ ಓರೆಯೇ. ಇದಕ್ಕೆ ಸುಲಭ ಸಾಧನ ಡಬಲ್ ಮಾಸ್ ಕರ್ವ್. ನೆರೆಯ ಐದಾರು ಕೇಂದ್ರಗಳ ವಾರ್ಷಿಕ ಸರಾಸರಿ ಮಳೆಯನ್ನು ವರ್ಷದಿಂದ ವರ್ಷಕ್ಕೆ ಕೂಡಿಸುತ್ತ ಹೋಗಿ ಅಡ್ಡ ಅಕ್ಷದಲ್ಲಿ, ಪರೀಕ್ಷಿಸುವ ಕೇಂದ್ರದ ಮಳೆಯನ್ನು ಅದೇ ರೀತಿ ಕೂಡಿಸಿ ಲಂಬ ಅಕ್ಷದಲ್ಲಿ ಗುರುತಿಸಿ. ಎಲ್ಲವೂ ಸರಿಯಿದ್ದರೆ ಬಿಂದುಗಳು ಒಂದು ನೇರ ಗೆರೆಯ ಮೇಲೆ ಕೂರುತ್ತವೆ. ಒಂದು ವರ್ಷದಿಂದಾಚೆಗೆ ಗೆರೆ ಬಾಗಿ ಹಾಗೆಯೇ ಮುಂದುವರಿದರೆ, ಆ ವರ್ಷ ಕೇಂದ್ರದ ಸ್ಥಳ ಬದಲಾಗಿರಬಹುದು, ಅಥವಾ ಮಾಪಕದ ಪಕ್ಕದ ಮರ ಬೆಳೆದು ಮರೆಯಾಗಿರಬಹುದು.

ಬಾಗುವ ಮೊದಲು ಇಳಿಜಾರು 0.95, ನಂತರ 0.76 ಇದೆ ಎಂದುಕೊಳ್ಳಿ. ದೋಷ ಈಚಿನ ಭಾಗದಲ್ಲಿದ್ದರೆ ಅದನ್ನು 1.25ರಿಂದ ಗುಣಿಸಬೇಕು, ಹಳೆಯ ಭಾಗದಲ್ಲಿದ್ದರೆ ಹಳೆಯದನ್ನು 0.80ರಿಂದ ಗುಣಿಸಬೇಕು. ಯಾವುದು ಸರಿ ಎಂದು ಗೆರೆ ಹೇಳುವುದಿಲ್ಲ, ಕೇಂದ್ರದ ಇತಿಹಾಸವೇ ಹೇಳಬೇಕು. ಒಂದೆರಡು ವರ್ಷಗಳ ಸಣ್ಣ ತಿರುವನ್ನು ನಂಬಿ ತಿದ್ದಬಾರದು. ಕನಿಷ್ಠ ಐದು ವರ್ಷವಾದರೂ ಹೊಸ ಇಳಿಜಾರು ನಿಂತಿರಬೇಕು.

ಹಂತ 5: ಮಳೆಯ ಖಾಲಿಗಳನ್ನು ತುಂಬಿ

ನೆರೆಯ ಮೂರು ಕೇಂದ್ರಗಳ ವಾಡಿಕೆ ವಾರ್ಷಿಕ ಮಳೆ ನಮ್ಮ ಕೇಂದ್ರದ ವಾಡಿಕೆಗಿಂತ ಶೇ. 10ರ ಒಳಗೆ ಹೆಚ್ಚುಕಡಿಮೆಯಿದ್ದರೆ ಸರಳ ಸರಾಸರಿ ಸಾಕು. ವ್ಯತ್ಯಾಸ ಅದಕ್ಕಿಂತ ಹೆಚ್ಚಿದ್ದರೆ ವಾಡಿಕೆ ಅನುಪಾತ ವಿಧಾನವನ್ನು ಬಳಸಿ. ನಮ್ಮ ಕೇಂದ್ರದ ವಾಡಿಕೆ 1,200 ಮಿ.ಮೀ., ನೆರೆಯ ಮೂರರದು 1,000, 1,500 ಮತ್ತು 1,200 ಮಿ.ಮೀ.; ಕಾಣೆಯಾದ ತಿಂಗಳಲ್ಲಿ ಅಲ್ಲಿ ಬಿದ್ದ ಮಳೆ ಕ್ರಮವಾಗಿ 80, 135 ಮತ್ತು 102 ಮಿ.ಮೀ. ಪ್ರತಿ ಕೇಂದ್ರದ ಮಳೆಯನ್ನು ಅದರ ವಾಡಿಕೆಯಿಂದ ಭಾಗಿಸಿದರೆ 0.080, 0.090, 0.085 ಬರುತ್ತದೆ, ಸರಾಸರಿ 0.085. ಅದನ್ನು 1,200ರಿಂದ ಗುಣಿಸಿದರೆ ಉತ್ತರ 102 ಮಿ.ಮೀ.

ಕೇಂದ್ರಗಳ ದೂರಗಳಲ್ಲಿ ಬಹಳ ಅಂತರವಿದ್ದರೆ ದೂರದ ವರ್ಗಕ್ಕೆ ವಿಲೋಮವಾಗಿ ತೂಕ ಕೊಡುವ ವಿಧಾನವಿದೆ: 5 ಕಿ.ಮೀ. ದೂರದ ಕೇಂದ್ರಕ್ಕೆ 10 ಕಿ.ಮೀ. ದೂರದ ಕೇಂದ್ರದ ನಾಲ್ಕು ಪಟ್ಟು ತೂಕ. ನಡುವೆ ಬೆಟ್ಟದ ಸಾಲಿದ್ದರೆ ಇದನ್ನು ನಂಬಬೇಡಿ. ಬೆಟ್ಟದಾಚೆಯ 5 ಕಿ.ಮೀ.ಗಿಂತ ಇದೇ ಮಗ್ಗುಲಿನ 20 ಕಿ.ಮೀ. ಹತ್ತಿರದ ನೆಂಟ.

ಇವೆಲ್ಲ ತಿಂಗಳ ಮೊತ್ತಕ್ಕೆ ಚೆನ್ನಾಗಿ ಒದಗುತ್ತವೆ, ದಿನದ ಮಳೆಗೆ ಅಷ್ಟಾಗಿ ಒದಗುವುದಿಲ್ಲ. ಮೂರು ಕೇಂದ್ರಗಳಲ್ಲಿ ಒಂದರಲ್ಲಿ 60 ಮಿ.ಮೀ. ಬಿದ್ದು ಉಳಿದೆರಡು ಒಣಗಿದ್ದರೆ, ಸರಾಸರಿಯ ಪ್ರಕಾರ ನಮ್ಮಲ್ಲಿ 20 ಮಿ.ಮೀ. ಆದರೆ ನಿಜವಾಗಿ ಅಂದು 60 ಬಿದ್ದಿರಬಹುದು, ಇಲ್ಲವೇ ಏನೂ ಬೀಳದಿರಬಹುದು. ಹೀಗೆ ತುಂಬುತ್ತ ಹೋದರೆ ಮಳೆದಿನಗಳು ಹೆಚ್ಚುತ್ತವೆ, ಜೋರು ಮಳೆಗಳು ಮಾಯವಾಗುತ್ತವೆ. ದಿನದ ಬೆಲೆಗಳೇ ಬೇಕಿದ್ದರೆ, ಮೊದಲು ತಿಂಗಳ ಮೊತ್ತವನ್ನು ಮೇಲಿನ ವಿಧಾನದಿಂದ ನಿರ್ಧರಿಸಿ, ಸಹಸಂಬಂಧ ಅತಿ ಹೆಚ್ಚಿರುವ ಒಂದೇ ಕೇಂದ್ರದ ದಿನವಾರು ವಿನ್ಯಾಸದಂತೆ ಅದನ್ನು ಹಂಚಿ. ಚರಂಡಿ, ಮೋರಿ, ಕೋಡಿ ಮುಂತಾದವುಗಳ ವಿನ್ಯಾಸಕ್ಕೆ ಬೇಕಾದ ವರ್ಷದ ಗರಿಷ್ಠ ಮಳೆಯ ಪಟ್ಟಿಗೆ ತುಂಬಿದ ದಿನಗಳನ್ನು ಸೇರಿಸಲೇಬಾರದು.

ಹಂತ 6: ಹರಿವಿನ ಖಾಲಿಗಳನ್ನು ಮೂರಾಗಿ ವಿಂಗಡಿಸಿ ತುಂಬಿ

ಒಣಹವೆಯ ಖಾಲಿಗಳು ಎಲ್ಲಕ್ಕಿಂತ ಸುಲಭ. ಮಳೆಯಿಲ್ಲದಾಗ ನದಿಯ ಹರಿವು ದಿನವೂ ಹೆಚ್ಚುಕಡಿಮೆ ಒಂದೇ ಅನುಪಾತದಲ್ಲಿ ಇಳಿಯುತ್ತದೆ. ಖಾಲಿಗೆ ಮೊದಲು ಸೆಕೆಂಡಿಗೆ 6.0 ಘನ ಮೀಟರ್, ಹನ್ನೆರಡು ದಿನಗಳ ನಂತರ 3.6 ಘನ ಮೀಟರ್ ಇದ್ದರೆ, ದಿನದ ಅನುಪಾತ 0.6ರ ಹನ್ನೆರಡನೆಯ ಮೂಲ, ಅಂದರೆ ಸುಮಾರು 0.958. ಐದನೆಯ ದಿನದ ಹರಿವು ಹೀಗೆ 4.85 ಆಗುತ್ತದೆ, ನೇರ ಗೆರೆ ಎಳೆದಿದ್ದರೆ 5.0 ಬರುತ್ತಿತ್ತು. ಆ ಹನ್ನೆರಡು ದಿನಗಳಲ್ಲಿ ಜಲಾನಯನದ ಯಾವ ಮಳೆಮಾಪಕದಲ್ಲೂ ಮಳೆ ಬಿದ್ದಿರಬಾರದು, ಮೇಲ್ಭಾಗದ ಅಣೆಕಟ್ಟಿನಿಂದ ನೀರು ಬಿಟ್ಟಿರಬಾರದು ಎಂಬುದನ್ನು ಮಾತ್ರ ಖಚಿತಪಡಿಸಿಕೊಳ್ಳಿ.

ಸಾಧಾರಣ ಹರಿವಿನ ಖಾಲಿಗಳಿಗೆ ಅದೇ ನದಿಯ ಅಥವಾ ನೆರೆಯ ನದಿಯ ಇನ್ನೊಂದು ಕೇಂದ್ರ ಆಧಾರ. ಒಂದೇ ನದಿಯಲ್ಲಿ ಜಲಾನಯನ ವಿಸ್ತೀರ್ಣಗಳ ಅನುಪಾತ ಸುಮಾರು 0.5ರಿಂದ 1.5ರ ಒಳಗಿದ್ದರೆ ವಿಸ್ತೀರ್ಣಕ್ಕೆ ತಕ್ಕಂತೆ ಹರಿವನ್ನು ಕಡಿತಗೊಳಿಸುವುದು ಅಥವಾ ಏರಿಸುವುದು ರೂಢಿ. 420 ಚ.ಕಿ.ಮೀ.ಗೆ ಸೆಕೆಂಡಿಗೆ 12 ಘನ ಮೀಟರ್ ಇದ್ದರೆ 300 ಚ.ಕಿ.ಮೀ.ಗೆ ಸುಮಾರು 8.6. ಎರಡು ಕೇಂದ್ರಗಳಲ್ಲೂ ಹಲವು ವರ್ಷಗಳ ಸಮಾನ ಅವಧಿಯ ದಾಖಲೆ ಇದ್ದರೆ ಎರಡರ ಹರಿವಿನ ಬಿಂದುಗಳಿಗೆ ಅತ್ಯಂತ ಸಮೀಪವಾಗಿ ಹೊಂದಿಸಿ ಎಳೆದ ರಿಗ್ರೆಶನ್ ಗೆರೆಯನ್ನು ಬಳಸುವವರೇ ಹೆಚ್ಚು, ಮತ್ತು ಎಡವುವುದೂ ಅಲ್ಲಿಯೇ. ಸಹಸಂಬಂಧ ಗುಣಾಂಕ 0.8 ಇದ್ದರೆ ಗೆರೆಯ ಮೇಲೆ ಕೂತ ಬೆಲೆಗಳ ಮಾನಕ ವಿಚಲನೆ, ಅಂದರೆ ಸರಾಸರಿಯಿಂದ ಅವು ಚದುರಿರುವ ಪ್ರಮಾಣ, ನಿಜವಾದದ್ದರ ಶೇ. 80 ಮಾತ್ರ ಇರುತ್ತದೆ. ಪ್ರವಾಹಗಳು ತಗ್ಗುತ್ತವೆ, ಬರಗಾಲಗಳು ಮೃದುವಾಗುತ್ತವೆ. ಜಲಾಶಯದ ಗಾತ್ರವನ್ನು ನಿರ್ಧರಿಸುವುದು ಬರದ ವರ್ಷಗಳೇ ಆದ್ದರಿಂದ, ಈ ಮೃದುವಾದ ದಾಖಲೆಯನ್ನು ನಂಬಿ ಕಟ್ಟಿದ ಜಲಾಶಯ ಬೇಕಾದದ್ದಕ್ಕಿಂತ ಚಿಕ್ಕದಾಗುತ್ತದೆ. ಇದನ್ನು ತಪ್ಪಿಸಲು ಜಲವಿಜ್ಞಾನಿ ರಾಬರ್ಟ್ ಹಿರ್ಷ್ 1982ರಲ್ಲಿ ವಿವರಿಸಿದ, ವಿಚಲನೆಯನ್ನು ಕಾಪಾಡುವ ವಿಸ್ತರಣೆಯ ವಿಧಾನವನ್ನು ಬಳಸಿ: ನೆರೆಯ ಕೇಂದ್ರದ ಹರಿವು ತನ್ನ ಸರಾಸರಿಯಿಂದ ಎಷ್ಟು ದೂರವಿದೆಯೋ ಅದನ್ನು ಎರಡು ಕೇಂದ್ರಗಳ ಮಾನಕ ವಿಚಲನೆಗಳ ಅನುಪಾತದಿಂದ ಗುಣಿಸಿ, ನಮ್ಮ ಕೇಂದ್ರದ ಸರಾಸರಿಗೆ ಕೂಡಿಸುವುದು. ಹರಿವನ್ನು ಮೊದಲು ಲಾಗರಿದಮ್‌ಗೆ ಬದಲಿಸಿಕೊಂಡರೆ ಫಲಿತಾಂಶ ಉತ್ತಮ.

ಪ್ರವಾಹದ ಖಾಲಿಗಳಿಗೆ ಕುರ್ಚಿಯಲ್ಲಿ ಕೂತು ಉತ್ತರ ಹುಡುಕಬೇಡಿ, ನದಿಗೆ ಹೋಗಿ. ಸೇತುವೆಯ ಕಂಬದ ಮೇಲಿನ ಕೆಸರಿನ ಗೆರೆ, ಪೊದೆಗಳಿಗೆ ಸಿಕ್ಕಿದ ಕಸ, ಗೋಡೆಯ ಮೇಲಿನ ತೇವದ ಗುರುತು ನೀರು ಎಲ್ಲಿಯವರೆಗೆ ಏರಿತ್ತೆಂದು ತೋರಿಸುತ್ತವೆ. ನದಿಯ ಪಾತ್ರ ನೇರವಾಗಿರುವ ಕಡೆ ಮೇಲೆ ಮತ್ತು ಕೆಳಗೆ ಅಂಥ ಗುರುತುಗಳನ್ನು ಹಿಡಿದು ನೀರಿನ ಇಳಿಜಾರನ್ನೂ ಪಾತ್ರದ ಅಡ್ಡಕೊಯ್ತವನ್ನೂ ಅಳೆದರೆ ಪಾತ್ರದ ಆಕಾರ, ಇಳಿಜಾರು, ಒರಟುತನಗಳಿಂದ ಹರಿವನ್ನು ಲೆಕ್ಕಹಾಕುವ ಮ್ಯಾನಿಂಗ್ ಸೂತ್ರದಿಂದ ಹರಿವು ಸಿಗುತ್ತದೆ. ಅಡ್ಡಕೊಯ್ತ 60 ಚ.ಮೀ., ತೋಯ್ದ ಪರಿಧಿ (ಅಡ್ಡಕೊಯ್ತದಲ್ಲಿ ನೀರು ತಾಗುವ ತಳ ಮತ್ತು ದಡಗಳ ಉದ್ದ) 34 ಮೀ., ಇಳಿಜಾರು ಸಾವಿರಕ್ಕೆ ಒಂದು, ಒರಟುತನದ ಗುಣಾಂಕ 0.035 ಎಂದಾದರೆ ಉತ್ತರ ಸೆಕೆಂಡಿಗೆ ಸುಮಾರು 79 ಘನ ಮೀಟರ್. ಅದೇ ಗುಣಾಂಕ 0.030 ಆದರೆ 92, 0.040 ಆದರೆ 69. ಆದ್ದರಿಂದ ಒಂದೇ ಸಂಖ್ಯೆ ಕೊಡದೆ ಈ ವ್ಯಾಪ್ತಿಯನ್ನೇ ದಾಖಲಿಸಿ. ಗುರುತುಗಳು ಮುಂದಿನ ಮಳೆಗೆ ತೊಳೆದುಹೋಗುತ್ತವೆ. ತಡಮಾಡಿದರೆ ಮತ್ತೆ ಸಿಗುವುದಿಲ್ಲ.

ಮಟ್ಟ ಗೊತ್ತಿದ್ದು ಹರಿವು ಮಾತ್ರ ತಿಳಿಯದಿದ್ದಾಗ ಮಟ್ಟ ಮತ್ತು ಹರಿವಿನ ಸಂಬಂಧ ತೋರುವ ರೇಟಿಂಗ್ ಕರ್ವ್ ನೆರವಾಗುತ್ತದೆ. ಎಂದಾದರೂ ನಿಜವಾಗಿ ಅಳೆದ ಗರಿಷ್ಠ ಹರಿವಿಗಿಂತ ಮೇಲಿನ ಭಾಗ ಬರೀ ಊಹೆ ಎಂಬುದನ್ನು ಮರೆಯಬೇಡಿ. ನೀರು ದಡ ಮೀರಿದೊಡನೆ ಆ ರೇಖೆಯ ಸ್ವರೂಪವೇ ಬದಲಾಗುತ್ತದೆ.

ಹಂತ 7: ನೆಲದ ಕೇಂದ್ರಗಳೇ ಇಲ್ಲದಿದ್ದರೆ ಉಪಗ್ರಹದ ಮೊರೆ

ಉಪಗ್ರಹ ಮತ್ತು ನೆಲದ ಅಳತೆಗಳನ್ನು ಬೆರೆಸಿ ತಯಾರಿಸಿದ ಚರ್ಪ್ಸ್ ಮಳೆ ದತ್ತಾಂಶ 1981ರಿಂದ, 0.05 ಡಿಗ್ರಿ ಚೌಕಗಳಲ್ಲಿ ಸಿಗುತ್ತದೆ. ನಾಸಾದ ಐಮರ್ಗ್ ಉಪಗ್ರಹ ಮಳೆ ದತ್ತಾಂಶ 0.1 ಡಿಗ್ರಿ ಚೌಕಗಳಲ್ಲಿ ಅರ್ಧ ಗಂಟೆಗೊಮ್ಮೆ. ಹವಾಮಾನ ಮಾದರಿಗೆ ಅಳತೆಗಳನ್ನು ಸೇರಿಸಿ ಹಿಂದಿನ ಹವೆಯನ್ನು ಮತ್ತೆ ಲೆಕ್ಕಹಾಕಿದ ಯೂರೋಪಿನ ಇಆರ್‌ಎ5 ಮರುವಿಶ್ಲೇಷಣೆ 1940ರಿಂದ ಗಂಟೆಗೊಮ್ಮೆ, ಸುಮಾರು 31 ಕಿ.ಮೀ. ಚೌಕಗಳಲ್ಲಿ. ಇವು ಉಚಿತ, ಹಾಗಾಗಿಯೇ ಅಪಾಯಕಾರಿ: ಇಳಿಸಿಕೊಂಡ ಕೂಡಲೇ ಕೆಲಸ ಮುಗಿಯಿತೆಂದು ತೋರುತ್ತದೆ. ಒಂದು ಚೌಕದ ಸರಾಸರಿ ಮಳೆಯನ್ನು ಒಂದು ಮಾಪಕದ ಮಳೆಯಂತೆ ಬಳಸಬಾರದು. ಅವುಗಳ ದಿನ ಅಂತರರಾಷ್ಟ್ರೀಯ ಸಮಯದ ಮಧ್ಯರಾತ್ರಿಯಿಂದ ಎಣಿಸಿದ್ದಾಗಿರುತ್ತದೆ. ಬೆಳಿಗ್ಗೆ ಅಳೆಯುವ ಕೇಂದ್ರದ ದಿನದೊಂದಿಗೆ ಹೊಂದಿಸಿಕೊಳ್ಳಬೇಕು. ನೆಲದ ಅಳತೆ ಇರುವ ವರ್ಷಗಳಲ್ಲಿ ಎರಡನ್ನೂ ತಿಂಗಳುವಾರು ಹೋಲಿಸಿ, ಓರೆಯನ್ನು ತಿದ್ದಿದ ನಂತರವೇ ಖಾಲಿ ವರ್ಷಗಳಿಗೆ ಬಳಸಿ. ಬೆಟ್ಟದ ಸೀಮೆಯ ಭಾರೀ ಮಳೆಗೆ ಇವುಗಳನ್ನು ಆಧಾರವಾಗಿಟ್ಟುಕೊಳ್ಳದಿರುವುದು ಕ್ಷೇಮ.

ಹಂತ 8: ಗೊತ್ತಿರುವುದನ್ನು ಅಡಗಿಸಿ ಪರೀಕ್ಷೆ ಮಾಡಿ

ಅಳತೆ ಇರುವ ಅವಧಿಯ ಒಂದು ಭಾಗವನ್ನು ಬೇಕೆಂದೇ ಅಳಿಸಿ, ಆರಿಸಿದ ವಿಧಾನದಿಂದ ತುಂಬಿ, ನಿಜವಾದ ಬೆಲೆಯೊಂದಿಗೆ ಹೋಲಿಸಿ. ಅಳಿಸುವುದು ನಿಜವಾದ ಖಾಲಿಗಳ ರೂಪದಲ್ಲೇ ಇರಲಿ. ನಿಜವಾದ ಖಾಲಿ ಮಳೆಗಾಲದ ಸತತ ನಲವತ್ತು ದಿನಗಳಾಗಿದ್ದರೆ, ವರ್ಷವಿಡೀ ಅಲ್ಲೊಂದು ಇಲ್ಲೊಂದು ದಿನ ಅಳಿಸಿ ಪರೀಕ್ಷಿಸುವುದು ನಮ್ಮನ್ನು ನಾವೇ ಮೆಚ್ಚಿಸಿಕೊಳ್ಳುವ ಕೆಲಸ. ಸರಾಸರಿ ತಪ್ಪನ್ನಷ್ಟೇ ನೋಡದೆ, ಮಳೆದಿನಗಳ ಸಂಖ್ಯೆ, ಗರಿಷ್ಠ ಬೆಲೆ, ಮಾನಕ ವಿಚಲನೆ, ಕನಿಷ್ಠ ಹರಿವು ಇವೆಲ್ಲ ಉಳಿದಿವೆಯೇ ನೋಡಿ.

ನೀರಿನ ಲೆಕ್ಕವನ್ನೂ ಕೂಡಿಸಿ ನೋಡಿ. ಒಂದು ಚ.ಕಿ.ಮೀ. ಮೇಲೆ 1 ಮಿ.ಮೀ. ಮಳೆ ಎಂದರೆ 1,000 ಘನ ಮೀಟರ್. 200 ಚ.ಕಿ.ಮೀ. ಜಲಾನಯನದಲ್ಲಿ ವರ್ಷಕ್ಕೆ 900 ಮಿ.ಮೀ. ಬಿದ್ದರೆ ಒಟ್ಟು 18 ಕೋಟಿ ಘನ ಮೀಟರ್. ತುಂಬಿದ ಹರಿವಿನ ವಾರ್ಷಿಕ ಮೊತ್ತ 20 ಕೋಟಿ ಬಂದರೆ, ಹೊರಗಿನಿಂದ ಕಾಲುವೆಯಲ್ಲೋ ನೆಲದಡಿಯಲ್ಲೋ ನೀರು ಬರುತ್ತಿಲ್ಲವಾದಲ್ಲಿ, ಮಳೆಯೋ ಹರಿವೋ ಒಂದು ಸುಳ್ಳು. ಬೆಟ್ಟದ ಮೇಲೆ ಮಾಪಕವಿಲ್ಲದೆ ತಪ್ಪಲಿನ ಮಳೆಯನ್ನೇ ಎಲ್ಲೆಡೆಗೂ ಹರಡಿದಾಗ ಇದು ಹೆಚ್ಚಾಗಿ ಆಗುತ್ತದೆ.

ಹಂತ 9: ಯೋಜನೆಯ ಲೆಕ್ಕವನ್ನು ಒಂದಕ್ಕಿಂತ ಹೆಚ್ಚು ಸಲ ಮಾಡಿ

ಒಂದೇ ಖಾಲಿಯನ್ನು ಎರಡು ಮೂರು ವಿಧಾನಗಳಿಂದ ತುಂಬಿ, ಪ್ರತಿಯೊಂದರಿಂದಲೂ ಅಂತಿಮ ಲೆಕ್ಕವನ್ನು ಪೂರ್ತಿ ಮಾಡಿ. ಬೇಕಾದ ಸಂಗ್ರಹ ಸಾಮರ್ಥ್ಯ ಮೂರರಲ್ಲೂ ಹತ್ತಿರ ಹತ್ತಿರ ಬಂದರೆ ಯಾವ ವಿಧಾನ ಸರಿ ಎಂಬ ಚರ್ಚೆಗೆ ಹೆಚ್ಚು ಹೊತ್ತು ಕೊಡಬೇಕಿಲ್ಲ. ಉತ್ತರಗಳು ದೂರದೂರ ಬಂದರೆ ಯಾವ ಖಾಲಿ ಅವಧಿ ಅದಕ್ಕೆ ಕಾರಣ ಎಂದು ಒಂದೊಂದನ್ನೇ ಬದಲಿಸಿ ಪತ್ತೆಹಚ್ಚಿ. ಎಷ್ಟೋ ಸಲ ಇಡೀ ವ್ಯತ್ಯಾಸ ಒಂದೇ ಬರದ ವರ್ಷದ ಮೂರು ತಿಂಗಳಿನಿಂದ ಬಂದಿರುತ್ತದೆ. ಆ ಮೂರು ತಿಂಗಳ ಮೂಲ ಪುಸ್ತಕವನ್ನು ಮತ್ತೊಮ್ಮೆ ಹುಡುಕಿಸುವುದು ಹೊಸ ಸೂತ್ರ ಹುಡುಕುವುದಕ್ಕಿಂತ ಅಗ್ಗ.

ವರದಿಯಲ್ಲಿ ಪ್ರತಿ ಕೇಂದ್ರಕ್ಕೂ ತುಂಬಿದ ದಿನಗಳ ಶೇಕಡಾವಾರು, ವಿಧಾನ ಮತ್ತು ಪರೀಕ್ಷೆಯಲ್ಲಿ ಕಂಡ ತಪ್ಪಿನ ಪ್ರಮಾಣ ಇರಲಿ. ನಿರ್ಧಾರವೇ ತಲೆಕೆಳಗಾಗುವಷ್ಟು ವ್ಯತ್ಯಾಸ ಉಳಿದರೆ, ಯೋಜನಾ ಸ್ಥಳದಲ್ಲಿ ಒಂದು ಮಟ್ಟಸೂಚಿ ಹಲಗೆ ನೆಟ್ಟು, ದಿನಕ್ಕೆ ಎರಡು ಬಾರಿ ಓದಲು ಒಬ್ಬರನ್ನು ನೇಮಿಸಿ, ಒಂದು ಮಳೆಗಾಲದ ಅಳತೆ ಕೈಗೆ ಬರುವವರೆಗೆ ವಿನ್ಯಾಸದ ಆ ಭಾಗವನ್ನು ತಡೆಹಿಡಿಯಿರಿ. ಆ ಅಳತೆ ಮೂವತ್ತು ವರ್ಷಗಳ ದಾಖಲೆಗೆ ಸಮವಲ್ಲ. ಆದರೆ ನೆರೆಯ ಕೇಂದ್ರದೊಂದಿಗೆ ನಮ್ಮ ಸ್ಥಳದ ಸಂಬಂಧ ಎಂಥದ್ದು ಎಂದು ತೋರಿಸಿ, ಮೂರು ಉತ್ತರಗಳಲ್ಲಿ ಒಂದನ್ನಾದರೂ ಪಟ್ಟಿಯಿಂದ ತೆಗೆಯಲು ಸಾಮಾನ್ಯವಾಗಿ ಅಷ್ಟು ಸಾಕಾಗುತ್ತದೆ.